ಘಾರಾಪುರಿಯ ಶಿಲ್ಪ, ಮುಂಬಯಿಯ ಲಾಂಛನ

ಬಂದರು ನಗರವು ಹೊರದೇಶದವರಿಗೆ ತನ್ನನ್ನು ಪರಿಚಯಿಸಿಕೊಳ್ಳುವಾಗ ಸಾರ್ವಜನಿಕ ಶಿಲ್ಪವೊಂದನ್ನು ಮುಂದಿಡುವುದು ವಾಡಿಕೆ. ನ್ಯೂಯಾರ್ಕಿನ ಸ್ವಾತಂತ್ರ್ಯದೇವಿ (1886), ಕೋಪನ್‌ಹೇಗನ್ನಿನ ಮತ್ಸ್ಯಕನ್ಯೆ (1913), ಸಿಂಗಪುರದ ಸಿಂಹಮುಖದ ಮೀನು (1972) ಇದಕ್ಕೆ ನಿದರ್ಶನಗಳು. ಮುಂಬಯಿಯ ಸಂಗತಿ ತುಸು ಭಿನ್ನವಾದುದು. ಇಲ್ಲಿ ಸ್ಥಳಕ್ಕೆ ಹೆಸರಿತ್ತ ಎರಡು ಶಿಲ್ಪಗಳು ಸ್ವಸ್ಥಾನದಲ್ಲಿಲ್ಲ. ಹೆಸರುಗಳು ಮಾತ್ರ ಉಳಿದಿವೆ.

ಆಲ್ಬರ್ಟ್ ಸಸೂನರ ಕೊಡುಗೆಯಾಗಿ 1879ರಲ್ಲಿ ಸ್ಥಾಪಿತವಾದ, ಆಗಿನ ಯುವರಾಜ ಎಡ್ವರ್ಡನ ಅಶ್ವಾರೂಢ ಪ್ರತಿಮೆಯನ್ನು 1965ರಲ್ಲಿ ಭಾಯಖಳದ ಉದ್ಯಾನಕ್ಕೆ ಸಾಗಿಸಲಾಯಿತು. ಆದರೂ ಆ ಚೌಕವು 'ಕಾಳಾ ಘೋಡಾ' ಆಗಿಯೇ ಉಳಿಯಿತು. 2017ರಲ್ಲಿ ಅಲ್ಲಿ ಸವಾರನಿಲ್ಲದ ಕುದುರೆಯೊಂದನ್ನು ನಿಲ್ಲಿಸಲಾಯಿತು. ಸಾಮ್ರಾಜ್ಯದ ಸವಾರನನ್ನು ಬಿಟ್ಟು, ಜನರು ಇಟ್ಟ ಹೆಸರಿಗೇ ಶಿಲ್ಪರೂಪ ಕೊಟ್ಟ ಈ ಕಾರ್ಯವನ್ನು ನಾವು ವಿವೇಕದ ನಡೆಯೆಂದೇ ಎಣಿಸುತ್ತೇವೆ.

ಘಾರಾಪುರಿಯ ವಿಷಯದಲ್ಲಿ ಈ ವಿವೇಕ ಕಾಣದು. ದ್ವೀಪದ ತೀರದಲ್ಲಿದ್ದ ಕಲ್ಲಾನೆಯನ್ನು ಕಂಡ ಪೋರ್ಚುಗೀಸರು ಅದಕ್ಕೆ 'ಎಲಿಫೆಂಟಾ' ಎಂದು ಹೆಸರಿಟ್ಟರು. 1864ರಲ್ಲಿ ಇಂಗ್ಲೆಂಡಿಗೆ ಒಯ್ಯಲೆತ್ನಿಸಿದಾಗ ಆನೆ ಒಡೆದುಹೋಯಿತು. ಮುಂದೆ ಜೋಡಿಸಲ್ಪಟ್ಟು, ಅದು ಇಂದು ಭಾಯಖಳದ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಅಂಗಳದಲ್ಲಿದೆ. 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದು ಮಾತ್ರ ಆ ಪರಕೀಯ ಹೆಸರೇ.

ಹೆಸರಿಗಿಂತ ಗುರುತರವಾದುದು ಅರ್ಥದ ಪ್ರಶ್ನೆ. ಗುಹೆಯ ಮಹಾಶಿಲ್ಪವು 1949ರ ಅಂಚೆಚೀಟಿಯ ಮೇಲೆ 'ತ್ರಿಮೂರ್ತಿ'ಯೆಂದು ಲೋಕಸಂಚಾರ ಮಾಡಿತು. ಪ್ರವಾಸಿಗರಿಗೂ ಆ ಹೆಸರೇ ರೂಢವಾಗಿದೆ. ಆದರೆ ಅದು ಬ್ರಹ್ಮ-ವಿಷ್ಣು-ಮಹೇಶ್ವರರ ಸಂಯೋಗವಲ್ಲ, ಸದಾಶಿವನ ರೂಪ. ನೋಡುಗರ ಎಡಕ್ಕೆ ಉಗ್ರನಾದ ಅಘೋರ, ನಡುವೆ ಧ್ಯಾನಸ್ಥ ತತ್ಪುರುಷ, ಬಲಕ್ಕೆ ಸ್ತ್ರೀಸಹಜ ಸೌಮ್ಯತೆಯ ವಾಮದೇವ. ಒಂದೇ ತತ್ತ್ವದ ಒಳಗಿನ ಉಗ್ರತೆ ಮತ್ತು ಪ್ರಸನ್ನತೆಗಳನ್ನು ಶಿಲ್ಪಿ ಒಂದೇ ಬಂಡೆಯಲ್ಲಿ ಹಿಡಿದಿದ್ದಾನೆ. ಮೂವರು ದೇವತೆಗಳ ಸುಲಭ ಸಮನ್ವಯವೆಂದು ಹೇಳಿದೊಡನೆ ಈ ಸಾಧನೆಯೇ ಮರೆಯಾಗುತ್ತದೆ. ಲಾಂಛನವು ಶೀಘ್ರ ಗುರುತನ್ನು ಬೇಡುತ್ತದೆ, ಶಿಲ್ಪವು ನಿಧಾನದ ನೋಟವನ್ನು. ಇವೆರಡರ ವಿರೋಧವನ್ನು ಪ್ರಚಾರಕರು ಗಮನಿಸಿದಂತಿಲ್ಲ.

ಕನ್ನಡ ಸಂಶೋಧಕರಿಗೂ ಇಲ್ಲಿ ಎಚ್ಚರ ಅಗತ್ಯ. ಇಮ್ಮಡಿ ಪುಲಕೇಶಿಯು ನೌಕಾಬಲದಿಂದ ಪುರಿಯನ್ನು ಮುತ್ತಿದುದನ್ನು ರವಿಕೀರ್ತಿಯ ಐಹೊಳೆ ಶಾಸನ (634) ವರ್ಣಿಸುತ್ತದೆ. ಆ ಪುರಿಯನ್ನು ಘಾರಾಪುರಿಯೆಂದು ಗುರುತಿಸಿದವರಿದ್ದಾರೆ; ಒಪ್ಪದವರೂ ಇದ್ದಾರೆ. ಒಪ್ಪಿದರೂ, ದಂಡಯಾತ್ರೆಯಿಂದ ಶಿಲ್ಪಕರ್ತೃತ್ವ ಸಿದ್ಧವಾಗದು. ಹಿಂದೆ ಈ ಗುಹೆಯನ್ನು ರಾಷ್ಟ್ರಕೂಟರಿಗೆ ಸಲ್ಲಿಸಿದವರಿದ್ದರು. ಇಂದು ಅನೇಕ ವಿದ್ವಾಂಸರು, ದ್ವೀಪದಲ್ಲಿ ದೊರೆತ ಕೃಷ್ಣರಾಜನ ನಾಣ್ಯಗಳನ್ನೂ ಶೈಲಿಯನ್ನೂ ಆಧರಿಸಿ, ಆರನೆಯ ಶತಮಾನದ ಕಲಚುರಿಗಳ ಕಾಲವನ್ನು ಸೂಚಿಸುತ್ತಾರೆ. ಪ್ರವಾಸೋದ್ಯಮದ ತಪ್ಪು ಹೆಸರನ್ನು ತಿದ್ದುವ ನಾವು ಅದರ ಸ್ಥಾನದಲ್ಲಿ ಅಭಿಮಾನದ ತಪ್ಪೊಂದನ್ನು ಇಡಬಾರದು.

ಭಾರತದ ಹೆಬ್ಬಾಗಿಲಿನಿಂದ ದೋಣಿಯೇರುವ ವಿದೇಶೀಯನಿಗೆ ದ್ವೀಪದ ಸ್ವಂತ ಹೆಸರನ್ನೂ ಸದಾಶಿವನ ನಿಜನಾಮವನ್ನೂ ತಿಳಿಸಿದರೆ ನಗರದ ಕೀರ್ತಿಗೆ ಕುಂದಿಲ್ಲ. ಅವನು ಆ ಮೂರು ಮುಖಗಳ ಮುಂದೆ ಇನ್ನಷ್ಟು ಹೊತ್ತು ನಿಂತಾನು.