ಯಾವ ಟೂಲ್ ಕಲೀಲಿ ಸರ್?

ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಮೊನ್ನೆ ಊಟದ ಹೊತ್ತಿಗೆ ಪಕ್ಕ ಬಂದು ಕೂತು ಕೇಳಿದ, "ಸರ್, ನಂಗೂ ಅನಿಮೇಷನ್ ಮಾಡ್ಬೇಕು ಅಂತ ಆಸೆ. ಯಾವ ಟೂಲ್ ಕಲೀಲಿ?"

ಈ ಪ್ರಶ್ನೆಗೆ ಉತ್ತರ ಹೇಳೋಕೆ ನನ್ನಷ್ಟು ಯೋಗ್ಯ ಮನುಷ್ಯ ಇನ್ನೊಬ್ಬ ಸಿಗಲಿಕ್ಕಿಲ್ಲ. ನನ್ನ ಲ್ಯಾಪ್‌ಟಾಪಲ್ಲಿ ಬ್ಲೆಂಡರ್ ಇದೆ, ಕ್ರಿಟಾ ಇದೆ, ಇಂಕ್‌ಸ್ಕೇಪ್ ಇದೆ. ಒಂದು ಸಾಲು ಟೈಪ್ ಮಾಡಿದ್ರೆ ವಿಡಿಯೊ ಮಾಡಿಕೊಡುವ ವೆಬ್‌ಸೈಟುಗಳಲ್ಲಿ ಮೂರು ಕಡೆ ಅಕೌಂಟ್ ಇದೆ. 'ವಾಲಿ' ಅಂತ ಒಂದು ಫೋಲ್ಡರೂ ಇದೆ. ಅದನ್ನ ಮಾಡಿ ಏಳು ವರ್ಷ ಆಯ್ತು. ಅದರೊಳಗೆ ಮುಗಿದಿರುವ ಅನಿಮೇಷನ್ ಎಷ್ಟು ಅಂದ್ರೆ, ಸೊನ್ನೆ ಸೆಕೆಂಡು.

ಹುಡುಗನಿಗೆ ಟೂಲಿನ ಹೆಸರು ಹೇಳಲಿಲ್ಲ. ಒಂದು ಸಿನಿಮಾದ ಹೆಸರು ಹೇಳಿದೆ. ಮನೆಗೆ ಬಂದು ನಾನೂ ಅದನ್ನ ಮತ್ತೊಮ್ಮೆ ನೋಡಿದೆ. ಆ ನೋಡಿದ್ದರ ಫಲ ಈ ಬರಹ.

ಸಿನಿಮಾದ ಹೆಸರು 'ಸೀತಾ ಸಿಂಗ್ಸ್ ದ ಬ್ಲೂಸ್'. ಮಾಡಿದವರು ಅಮೆರಿಕದ ವ್ಯಂಗ್ಯಚಿತ್ರಗಾರ್ತಿ ನೀನಾ ಪೇಲಿ. 82 ನಿಮಿಷದ ಈ ಚಿತ್ರ 2008ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಮೊದಲು ತೆರೆಕಂಡಿತು. ಅದೇ ವರ್ಷ ಫ್ರಾನ್ಸಿನ ಆನ್ಸಿ ಅನಿಮೇಷನ್ ಉತ್ಸವದಲ್ಲಿ ಅತ್ಯುತ್ತಮ ಚಿತ್ರದ ಪ್ರಶಸ್ತಿಯನ್ನೂ ಪಡೆಯಿತು. ಚಿತ್ರಿಸಿದ್ದು, ಆಡಿಸಿದ್ದು ಹೆಚ್ಚುಕಮ್ಮಿ ಪೂರ್ತಿ ಆಕೆಯೊಬ್ಬಳೇ, ಮನೆಯ ಕಂಪ್ಯೂಟರಿನಲ್ಲಿ. ಬಳಸಿದ ಮುಖ್ಯ ಟೂಲು ಫ್ಲಾಶ್. ಹೌದು, ನಾವೆಲ್ಲ ಕಾಲೇಜಿನ ಸೈಬರ್ ಕೆಫೆಯಲ್ಲಿ ಆಟ ಆಡ್ತಿದ್ದ ಅದೇ ಫ್ಲಾಶ್.

ಕಥೆ ಹುಟ್ಟಿದ್ದು ಹೀಗೆ. ನೀನಾಳ ಗಂಡನಿಗೆ ತಿರುವನಂತಪುರದಲ್ಲಿ ಕೆಲಸ ಸಿಗುತ್ತೆ, ಅವನ ಹಿಂದೆ ಆಕೆಯೂ ಅಲ್ಲಿಗೆ ಬರ್ತಾಳೆ. ಯಾವುದೋ ಕೆಲಸಕ್ಕೆಂದು ನ್ಯೂಯಾರ್ಕಿಗೆ ಹೋದಾಗ, ವಾಪಸ್ ಬರಬೇಡ ಅಂತ ಗಂಡನಿಂದ ಈಮೇಲ್ ಬರುತ್ತೆ. ಪರಿಚಯದವರ ಮನೆಯ ಸೋಫಾದಲ್ಲಿ ಮಲಗಿ ದಿನ ದೂಡುವಾಗ ಆ ಮನೆಯ ಹಳೇ ರೆಕಾರ್ಡುಗಳಲ್ಲಿ ಒಂದು ದನಿ ಕೇಳುತ್ತೆ. ಅದು 1920ರ ದಶಕದ ಜಾಝ್ ಗಾಯಕಿ ಆನೆಟ್ ಹ್ಯಾನ್‌ಶಾ ದನಿ. ಬಿಟ್ಟು ಹೋದವನನ್ನೇ ನೆನೆಯುವ ಹೆಂಗಸಿನ ಹಾಡುಗಳು. ತಿರುವನಂತಪುರದಲ್ಲಿದ್ದಾಗ ಓದಿದ್ದ ರಾಮಾಯಣದ ಸೀತೆ, ಈ ಹಾಡು, ತನ್ನ ಈಮೇಲ್, ಈ ಮೂರೂ ಆಕೆಯ ತಲೆಯಲ್ಲಿ ಒಂದಾಗ್ತವೆ. ಟೂಲಿನ ವಿಷಯ ಬರೋದು ಇಷ್ಟೆಲ್ಲ ಆದ ಮೇಲೆ.

ಈಗ ಟೂಲಿಗೆ ಬರೋಣ. ಫ್ಲಾಶಲ್ಲಿ ಕೆಲಸ ಮಾಡಿದವರಿಗೆ 'ಸಿಂಬಲ್' ಅಂದ್ರೇನು ಗೊತ್ತು. ಒಂದು ಕೈಯನ್ನೋ ತಲೆಯನ್ನೋ ಒಮ್ಮೆ ಬರೆದು ಲೈಬ್ರರಿಯಲ್ಲಿ ಇಟ್ಟರೆ ಎಷ್ಟು ಸಲ ಬೇಕಾದ್ರೂ ತಂದು ನಿಲ್ಲಿಸಬಹುದು. ಇಲ್ಲಿಂದ ಅಲ್ಲಿಗೆ ಸರಿಸು ಅಂದ್ರೆ ನಡುವಿನ ಚಿತ್ರಗಳನ್ನ ಫ್ಲಾಶೇ ತುಂಬಿಕೊಡುತ್ತೆ. ಇದಕ್ಕೆ 'ಟ್ವೀನ್' ಅಂತಾರೆ. ಅನುಕೂಲ ಇರೋದೂ ಇಲ್ಲೇ, ಅಪಾಯ ಇರೋದೂ ಇಲ್ಲೇ. ಟ್ವೀನ್ ನೆಚ್ಚಿಕೊಂಡ ಚಿತ್ರಗಳಲ್ಲಿ ಎಲ್ಲರೂ ಕಾಗದದ ಬೊಂಬೆಗಳ ಹಾಗೆ ಜಾರ್ತಾ ಓಡಾಡ್ತಾರೆ, ಮೈಯಲ್ಲಿ ತೂಕವೇ ಇರಲ್ಲ.

ಪೇಲಿ ಈ ದೋಷವನ್ನ ಮುಚ್ಚಿಡೋಕೆ ಹೋಗಿಲ್ಲ. ಹಾಡಿನ ಭಾಗಗಳಲ್ಲಿ ಸೀತೆ ಅಂದ್ರೆ ನಾಲ್ಕೈದು ವೃತ್ತಗಳು. ದೊಡ್ಡ ಕಣ್ಣು, ಸಣ್ಣ ಸೊಂಟ, ತಾಳಕ್ಕೆ ಸರಿಯಾಗಿ ಅಲ್ಲಾಡುವ ನಡು. ಕಪಿಸೇನೆ ಬೇಕೆಂದರೆ ಒಂದೇ ಕಪಿ ನೂರಾಗಿ ಸಾಲುಗಟ್ಟುತ್ತೆ. ಅದು ಕಾಪಿ-ಪೇಸ್ಟ್ ಅಂತ ನಮಗೆ ಗೊತ್ತಾಗುತ್ತೆ, ಗೊತ್ತಾಗಲಿ ಅಂತಲೇ ಆಕೆ ಬಿಟ್ಟಿದ್ದಾಳೆ. ನಮ್ಮ ತೊಗಲುಗೊಂಬೆಯವರೂ ಹೀಗೇ ಅಲ್ವಾ? ಚರ್ಮದಲ್ಲಿ ಕತ್ತರಿಸಿದ ಮುಖದಲ್ಲಿ ಒಂದೇ ಭಾವ, ಅದು ಬದಲಾಗೋ ಹಾಗಿಲ್ಲ. ಬದಲಾಗಬೇಕಾದ್ದು ಆಡಿಸುವವನ ದನಿ. ಇಲ್ಲಿ ಆ ಕೆಲಸವನ್ನ ಹ್ಯಾನ್‌ಶಾ ದನಿ ಮಾಡುತ್ತೆ. ಚಿತ್ರ ಎಷ್ಟು ಚಪ್ಪಟೆಯೋ ದನಿ ಅಷ್ಟು ಆಳ.

ಮತ್ತೆ, ಇಡೀ ಸಿನಿಮಾ ಒಂದೇ ಶೈಲಿಯಲ್ಲಿ ಇಲ್ಲ. ಸಂಭಾಷಣೆಯ ಭಾಗಗಳು ನಮ್ಮ ಹಳೇ ಕಿರುಚಿತ್ರ ಕಲೆಯ ಹಾಗೆ, ನೀನಾಳ ಸ್ವಂತ ಕಥೆ ನಡುಗುವ ಗೀಟುಗಳಲ್ಲಿ, ಹಾಡುಗಳು ವೃತ್ತಗಳಲ್ಲಿ, ಕಥೆ ಹೇಳುವವರು ನೆರಳುಗೊಂಬೆಗಳಾಗಿ. ಗಂಡನ ಈಮೇಲ್ ಬಂದ ಮೇಲೆ ಅಗ್ನಿಪರೀಕ್ಷೆಯ ನೃತ್ಯವೊಂದಿದೆ. ನರ್ತಕಿ ರೀನಾ ಶಾ ಕುಣಿದದ್ದರ ಮೇಲೇ ಗೀಟೆಳೆದು ಮಾಡಿದ್ದು. ಅಲ್ಲಿವರೆಗೂ ಜಾರುಗೊಂಬೆಯಾಗಿದ್ದ ದೇಹಕ್ಕೆ ಆ ಕೆಲವು ನಿಮಿಷ ನಿಜವಾದ ತೂಕ ಬರುತ್ತೆ. ಇಡೀ ಚಿತ್ರ ಹಾಗೇ ಇದ್ದಿದ್ದರೆ ಆ ಗಳಿಗೆ ನಮ್ಮನ್ನ ತಟ್ಟುತ್ತಿರಲಿಲ್ಲ.

ನನಗೆ ಅತಿ ಇಷ್ಟ ಆ ನೆರಳುಗೊಂಬೆಗಳು. ಮೂವರು ಭಾರತೀಯರು ಮೈಕಿನ ಮುಂದೆ ಕೂತು, ಕೈಯಲ್ಲಿ ಸ್ಕ್ರಿಪ್ಟ್ ಇಲ್ಲದೆ, ರಾಮಾಯಣದ ಬಗ್ಗೆ ತಮಗೆ ನೆನಪಿರುವಷ್ಟನ್ನ ಮಾತಾಡಿದ್ದನ್ನೇ ಪೇಲಿ ಬಳಸಿದ್ದಾಳೆ. ಹೆಸರು ತಡವರಿಸ್ತಾರೆ, ಒಬ್ಬರನ್ನೊಬ್ಬರು ತಿದ್ದುತ್ತಾರೆ. ಅವರು ತಡವರಿಸಿದ ಕಡೆ ಚಿತ್ರವೂ ತಡವರಿಸುತ್ತೆ. ಹನುಮಂತ ಕರೆದಾಗಲೇ ಸೀತೆ ಹೊರಟು ಬಂದಿದ್ದರೆ ಅಷ್ಟು ಜನ ಸಾಯ್ತಿರಲಿಲ್ಲ ಅಲ್ವಾ ಅನ್ನೋ ತಕರಾರೂ ಅಲ್ಲಿ ಬರುತ್ತೆ.

ನಾನು ಸುಳ್ಯದ ಕಡೆಯವನು. ಇದನ್ನ ನೋಡಿದ ಕೂಡಲೇ ನನಗೆ ಅನಿಸಿದ್ದು, ಅರೆ, ಇದು ತಾಳಮದ್ದಳೆ! ಮೇಳಗಳು ತಿರುಗಾಟ ನಿಲ್ಲಿಸಿದ ಮಳೆಗಾಲದಲ್ಲಿ ನಮ್ಮ ಜಗಲಿಗಳಲ್ಲಿ ನಡೆಯೋದು ಇದೇ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಒಂದು ಪದ ಹಾಡ್ತಾರೆ, ಅರ್ಥಧಾರಿ ಅದಕ್ಕೆ ಅಲ್ಲೇ ಹುಟ್ಟಿದ ಮಾತಿನಲ್ಲಿ ಅರ್ಥ ಹೇಳ್ತಾನೆ, ಎದುರಿನವನು ಅದನ್ನ ಮುರಿದು ಇನ್ನೊಂದು ಕಟ್ಟುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಇಂದಿಗೂ ನಮ್ಮ ಕಡೆ ಮಾತಿಗೆ ಸಿಗೋದು ಈ ಕಾರಣಕ್ಕೆ. ಪೇಲಿಯ ಚಿತ್ರದಲ್ಲೂ ಒಂದು ಪದ, ಒಂದಿಷ್ಟು ಮಾತು, ಮತ್ತೊಂದು ಪದ. ಹ್ಯಾನ್‌ಶಾಳೇ ಭಾಗವತರು. ಆಕೆಗೆ ತಾಳಮದ್ದಳೆ ಗೊತ್ತಿತ್ತು ಅಂತ ನಾನು ಹೇಳ್ತಾ ಇಲ್ಲ. ರಾಮಾಯಣವನ್ನ ಯಾರು ಮನಸ್ಸಿಟ್ಟು ಹೇಳಹೊರಟರೂ ವಾದ ಮಾಡದೆ ವಿಧಿಯಿಲ್ಲ ಅನ್ನೋದಷ್ಟೇ ನನ್ನ ಮಾತು.

ಹಾಗಂತ ಚಿತ್ರದಲ್ಲಿ ದೋಷ ಇಲ್ಲ ಅಂತಲ್ಲ. ಮಧ್ಯದಲ್ಲಿ ಯುದ್ಧದ ಹಾಡುಗಳು ಒಂದರ ಹಿಂದೆ ಒಂದು ಬಂದು, ಕಡಿದ ಕೈಕಾಲು ಹಾರುವ ತಮಾಷೆ ಎರಡನೇ ಸಲಕ್ಕೇ ಹಳತಾಗುತ್ತೆ. ಸೀತೆಯನ್ನ ಸೊಂಟ ಕುಣಿಸುವ ಬೊಂಬೆ ಮಾಡಿದ್ದಕ್ಕೆ ಸಿಟ್ಟಾದವರಿದ್ದಾರೆ. ಹೊರಗಿನವಳಿಗೆ ನಮ್ಮ ಕಥೆ ಯಾಕೆ ಅಂತ ಕೇಳಿದವರೂ ಇದ್ದಾರೆ. ಈ ಎರಡು ಆಕ್ಷೇಪಗಳು ನನ್ನನ್ನ ಅಷ್ಟು ಕಾಡಿಲ್ಲ. ಕನ್ನಡದ ಜನಪದ ರಾಮಾಯಣವೊಂದರಲ್ಲಿ ರಾವಣ ಸೀನಿದಾಗ ಸೀತೆ ಹುಟ್ಟುತ್ತಾಳೆ, ಎ.ಕೆ. ರಾಮಾನುಜನ್ ತಮ್ಮ ಹೆಸರಾಂತ ಪ್ರಬಂಧದಲ್ಲಿ ಅದನ್ನ ವಿವರಿಸಿದ್ದಾರೆ. ಸೀನಿನಿಂದ ಹುಟ್ಟಿದ ಸೀತೆಯನ್ನ ಸಾಕಿಕೊಂಡ ನಾವು ಜಾಝ್ ಹಾಡುವ ಸೀತೆಗೆ ಹೆದರಬೇಕಿಲ್ಲ.

ನನ್ನನ್ನ ಕಾಡಿದ ದೋಷವನ್ನ ತೋರಿಸಿಕೊಟ್ಟವರು ದೊಡ್ಡಪ್ಪ. ಅವರು ಊರಿನ ಹವ್ಯಾಸಿ ಅರ್ಥಧಾರಿ. ಕಳೆದ ಸಲ ಹೋದಾಗ ಪೆನ್‌ಡ್ರೈವಲ್ಲಿ ಹಾಕಿಕೊಟ್ಟು ಬಂದಿದ್ದೆ. ಟಿವಿಗೆ ಸಿಕ್ಕಿಸಿ, ಅಣ್ಣನ ಮಗಳ ಹತ್ತಿರ ಇಂಗ್ಲಿಷಿನ ಅರ್ಥ ಕೇಳ್ತಾ, ಎರಡು ದಿನದಲ್ಲಿ ನೋಡಿ ಮುಗಿಸಿದ್ದರು. ಫೋನ್ ಮಾಡಿದಾಗ ಹೇಳಿದರು:

"ಆ ಮೂರು ಜನ ಉಂಟಲ್ಲ, ಅವರಿಗೆ ಪ್ರಸಂಗ ಸರಿ ಗೊತ್ತಿಲ್ಲ. ಆದ್ರೆ ಕೂತು ಮಾತಾಡುವ ಕ್ರಮ ಗೊತ್ತುಂಟು, ಅದು ಒಳ್ಳೇದಾಯ್ತು."

"ಒಟ್ಟು ಹೇಗಾಯ್ತು ದೊಡ್ಡಪ್ಪ?"

"ಒಳ್ಳೇದುಂಟು ಮಾರಾಯ. ಆದ್ರೆ ಒಂದು ಕೇಳ್ತೇನೆ, ರಾಮನಿಗೆ ಅರ್ಥ ಹೇಳ್ಲಿಕ್ಕೆ ಅವರಿಗೆ ಯಾರೂ ಸಿಗ್ಲಿಲ್ವಾ?"

ಸರಿಯಾಗಿ ಅಲ್ಲೇ ಚಿತ್ರದ ಬಡತನ ಇರೋದು. ಸೀತೆಗೆ ಒಂದು ಶತಮಾನದ ಆಚೆಯಿಂದ ದನಿ ತಂದುಕೊಟ್ಟ ಪೇಲಿ, ರಾಮನಿಗೆ ಎದೆ ಉಬ್ಬಿದ ಒಂದು ಆಕಾರ ಮಾತ್ರ ಕೊಟ್ಟಿದ್ದಾಳೆ. ಈಮೇಲ್ ಕಳಿಸಿದ ಗಂಡನಿಗೂ ಅಷ್ಟೇ, ಯಾಕೆ ಅಂತ ಅವನು ಹೇಳೋದೇ ಇಲ್ಲ. ಬಿಟ್ಟುಹೋದವರು ಕಾರಣ ಹೇಳಿ ಹೋಗಲ್ಲ, ಅದು ಬದುಕಿನ ಸತ್ಯ ಇರಬಹುದು. ಆದರೆ ತಾಳಮದ್ದಳೆಯಲ್ಲಿ ವಾಲಿ ಮರೆಯಿಂದ ಬಾಣ ಬಿಟ್ಟವನನ್ನ ಗಂಟೆಗಟ್ಟಲೆ ಪ್ರಶ್ನೆ ಮಾಡ್ತಾನೆ, ರಾಮ ಕೂತು ಉತ್ತರ ಕೊಡಲೇಬೇಕು. ಉತ್ತರ ಸೋತರೂ ಸರಿ, ಕೊಡದೆ ಏಳುವ ಹಾಗಿಲ್ಲ. ಕುವೆಂಪು 'ಶ್ರೀ ರಾಮಾಯಣ ದರ್ಶನಂ'ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅಗ್ನಿಪರೀಕ್ಷೆಯಲ್ಲಿ ಸೀತೆಯ ಜೊತೆ ರಾಮನನ್ನೂ ಬೆಂಕಿಗೆ ಇಳಿಸಿದರು. ಪೇಲಿಯ ಬೆಂಕಿಯಲ್ಲಿ ಸೀತೆ ಒಬ್ಬಳೇ. ಆ ನೋವು ನಿಜ, ಅದಕ್ಕೇ ಚಿತ್ರ ನಿಂತಿದೆ. ಆದರೆ ನೋವು ಕೊಟ್ಟವನ ಮಾತನ್ನೂ ಕೇಳುವ ಧೈರ್ಯ ಇದ್ದಿದ್ದರೆ ಅದು ಇನ್ನೂ ದೊಡ್ಡ ಕೃತಿ ಆಗ್ತಿತ್ತು.

ಈ ಚಿತ್ರವನ್ನ ನಾನು ಪೆನ್‌ಡ್ರೈವಲ್ಲಿ ಕೊಟ್ಟದ್ದು ಕಳ್ಳತನ ಅಲ್ಲ. ಅದಕ್ಕೂ ಒಂದು ಕಥೆ ಇದೆ. ಹ್ಯಾನ್‌ಶಾ ತೀರಿಕೊಂಡಿದ್ದರೂ ಆಕೆ ಹಾಡಿದ ಹಾಡುಗಳ ರಚನೆಯ ಹಕ್ಕು ಕಂಪನಿಗಳ ಕೈಯಲ್ಲಿತ್ತು. ಮೊದಲು ಸುಮಾರು 2,20,000 ಡಾಲರ್ ಬೇಕಾಗುತ್ತೆ ಅಂತಾಯ್ತು. ಚೌಕಾಸಿ ಮಾಡಿ ಕೊನೆಗೆ ಪೇಲಿ ಸಾಲ ಎತ್ತಿ 50,000 ಡಾಲರ್ ಕಟ್ಟಿದಳು. ಅಷ್ಟು ಸುಟ್ಟುಕೊಂಡವಳು ತನ್ನ ಚಿತ್ರಕ್ಕೆ ಬೇಲಿ ಹಾಕಬಹುದಿತ್ತು. ಆಕೆ ಉಲ್ಟಾ ಮಾಡಿದಳು. 2009ರಲ್ಲಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಲ್ಲಿ ಯಾರು ಬೇಕಾದ್ರೂ ನೋಡಿ, ಹಂಚಿ ಅಂತ ಬಿಟ್ಟಳು. 2013ರಲ್ಲಿ ಇದ್ದಬದ್ದ ಷರತ್ತನ್ನೂ ತೆಗೆದು ಸಿಸಿ0 ಮಾಡಿದಳು, ಅಂದ್ರೆ ತನ್ನ ಹಕ್ಕನ್ನೇ ಬಿಟ್ಟುಕೊಟ್ಟಳು. 2020ರ ಕೊನೆಗೆ ಬ್ರೌಸರುಗಳ ಫ್ಲಾಶ್ ಪ್ಲೇಯರ್ ಸತ್ತಿತು. ಆ ಟೂಲಿನಲ್ಲಿ ಹುಟ್ಟಿದ ಈ ಚಿತ್ರ ಮಾತ್ರ ಸುಳ್ಯದ ಒಂದು ಟಿವಿಯಲ್ಲಿ ಓಡಿತು.

ಈಗ ನನ್ನ 'ವಾಲಿ' ಫೋಲ್ಡರಿಗೆ ಬರ್ತೀನಿ. ಅದರಲ್ಲಿ ಇರೋದು ಒಂದು ಕ್ಯಾಸೆಟ್ಟಿನಿಂದ ಇಳಿಸಿಕೊಂಡ 38 ನಿಮಿಷದ ಆಡಿಯೊ. ನಮ್ಮ ಮನೆ ಜಗಲಿ, ಜೋರು ಮಳೆ, ದೊಡ್ಡಪ್ಪನ ವಾಲಿ. ಇದಕ್ಕೆ ಅನಿಮೇಷನ್ ಮಾಡಬೇಕು ಅಂತ ಹೊರಟವನು ಏಳು ವರ್ಷ ಮಾಡಿದ್ದು ಏನು? ಸದ್ದು ತೆಗೆಯುವ ಟೂಲ್ ಹಾಕಿ ಮಳೆ ತೆಗೆದೆ. ನಾಯಿ ಬೊಗಳಿದ್ದು ತೆಗೆದೆ. ಚಾ ಲೋಟದ ಸದ್ದು, ಯಾರೋ ಕೆಮ್ಮಿದ್ದು, ಎಲ್ಲ ತೆಗೆದೆ. ಕೊನೆಗೆ ಉಳಿದ ದೊಡ್ಡಪ್ಪ ಡಬ್ಬದೊಳಗಿಂದ ಮಾತಾಡಿದ ಹಾಗಿದ್ದರು. ಮೊನ್ನೆ ಮೊನ್ನೆ ವಿಡಿಯೊ ಮಾಡಿಕೊಡುವ ಒಂದು ವೆಬ್‌ಸೈಟಿಗೆ ಯಕ್ಷಗಾನ ಶೈಲಿಯ ವಾಲಿ ಬೇಕು ಅಂತ ಬರೆದೆ. ಅರ್ಧ ನಿಮಿಷದಲ್ಲಿ ಬಂತು. ಮೈಯೆಲ್ಲ ಫಳಫಳ, ಕಿರೀಟ ಮಾತ್ರ ತೆಂಕೂ ಅಲ್ಲ, ಬಡಗೂ ಅಲ್ಲ. ನಾನು ಕೊಟ್ಟದ್ದು ಒಂದು ಸಾಲು, ಅದು ತೀರಿಸಿದ್ದೂ ಒಂದು ಸಾಲಿನ ಋಣ. ಅದರ ಮೇಲೆ ಸಿಟ್ಟಾಗಿ ಏನು ಬಂತು?

ಪೇಲಿ ಹಳೇ ರೆಕಾರ್ಡಿನ ಕರಕರ ಸದ್ದನ್ನ ಒರೆಸಿ ಹಾಕಿಲ್ಲ. ಆ ಕರಕರದಲ್ಲೇ ಹ್ಯಾನ್‌ಶಾ ಎಷ್ಟು ದೂರದಿಂದ ಹಾಡ್ತಿದ್ದಾಳೆ ಅಂತ ತಿಳಿಯೋದು. ಮಳೆ ಇಲ್ಲದ ತಾಳಮದ್ದಳೆ ಎಲ್ಲಿಯ ತಾಳಮದ್ದಳೆ? ಸ್ಫೂರ್ತಿ ಅನ್ನೋದು ಟೂಲುಗಳ ಪಟ್ಟಿಯಲ್ಲಿ ಇದೆ ಅಂತ ನಾನು ಹುಡುಕ್ತಾ ಇದ್ದೆ. ಅದು ನಾನು ಡಿಲೀಟ್ ಮಾಡ್ತಾ ಬಂದ ಸದ್ದುಗಳಲ್ಲಿ ಇತ್ತು.

ಅದೃಷ್ಟಕ್ಕೆ ಮೂಲ ಫೈಲು ಅಳಿಸಿರಲಿಲ್ಲ. ಕಳೆದ ಭಾನುವಾರ ಅದನ್ನ ಮಳೆ ಸಮೇತ ಪೂರ್ತಿ ಕೇಳಿದೆ. ಇಪ್ಪತ್ತನೇ ನಿಮಿಷದ ಹತ್ತಿರ ವಾಲಿ ಒಂದು ಪ್ರಶ್ನೆ ಕೇಳಿ ಸುಮ್ಮನಾಗ್ತಾನೆ. ರಾಮನ ಅರ್ಥ ಹೇಳಬೇಕಾದವರು ಉತ್ತರ ಹುಡುಕ್ತಾ ಇದ್ದಾರೆ. ಹತ್ತು ಸೆಕೆಂಡು ಬರೀ ಮಳೆ. ಆ ಹತ್ತು ಸೆಕೆಂಡಿಗೆ ಇಂಕ್‌ಸ್ಕೇಪಿನಲ್ಲಿ ಒಂದು ಜಗಲಿ, ಎರಡು ನೆರಳು ಬರೆದೆ. ಜಾರ್ತವೆ, ತೂಕ ಇಲ್ಲ, ಇರಲಿ.

ಹುಡುಗ ಮತ್ತೆ ಬಂದು ಕೇಳಿದ್ರೆ ನಾನು ಕೇಳೋದು ಇಷ್ಟೇ: ನಿನ್ನ ಹತ್ತಿರ ಯಾರ ದನಿ ಇದೆ? ಅದು ಇದ್ರೆ ಯಾವ ಟೂಲಾದ್ರೂ ನಡೆಯುತ್ತೆ ಮಾರಾಯ.