ಕುಣಿತದ ಸುತ್ತು, ಬೇಗಂಪುರದ ದಾರಿ

1

ಅಲಾಯಿ ಕುಣಿಯ ಬೆಂಕಿಗೆ ನಮ್ಮಪ್ಪ ಹಲಗಿ ಕಾಸುತ್ತಿದ್ದ. ಚರ್ಮ ಬಿಸಿಯಾಗಿ ಬಿಗಿಯಾಗದೆ ಹಲಗಿ ದನಿ ಕೊಡುವುದಿಲ್ಲ. ಭಾಲ್ಕಿ ತಾಲೂಕಿನ ನಮ್ಮೂರಲ್ಲಿ ಮೊಹರಂ ಕತ್ತಲ ರಾತ್ರಿ ಊರಿಗೆ ಊರೇ ಆ ಕುಣಿಯ ಸುತ್ತ ಹೆಜ್ಜೆ ಹಾಕುತ್ತಿತ್ತು. ಲಿಂಗಾಯತರು, ಮರಾಠರು, ಕುರುಬರು, ಮುಸಲ್ಮಾನರು ಎಲ್ಲರೂ ಒಂದೇ ಸುತ್ತಿನಲ್ಲಿರುತ್ತಿದ್ದರು. ಹೊಲದ ಬದುವಿನ ಸಲುವಾಗಿ ವರ್ಷವಿಡೀ ಕೋರ್ಟು ಹತ್ತಿದವರು ಕೂಡ ಆ ರಾತ್ರಿ ಹೆಗಲಿಗೆ ಹೆಗಲು ಕೊಡುತ್ತಿದ್ದರು. ಅಪ್ಪ ಮಾತ್ರ ಸುತ್ತಿನ ಹೊರಗೆ ನಿಂತು ಬಾರಿಸುತ್ತಿದ್ದ.

"ಅಪ್ಪಾ, ನೀ ಯಾಕ ಕುಣಿಯಲ್ಲ?" ಅಂತ ಒಮ್ಮೆ ಕೇಳಿದ್ದೆ.

"ನಾ ಕುಣದ್ರ ಹಲಗಿ ಯಾರ ಬಾರಸ್ತಾರೋ ಮಗಾ?"

ಕುಣಿತ ಮುಗಿದ ಮೇಲೆ ಶರಬತ್ತು, ಚೊಂಗೆ ಹಂಚುತ್ತಿದ್ದರು. ಕುಣಿದವರು ಲೋಟಾದಲ್ಲಿ ಕುಡಿಯುತ್ತಿದ್ದರು. ಅಪ್ಪ ಬೊಗಸೆ ಒಡ್ಡುತ್ತಿದ್ದ, ಅವರು ಮೇಲಿಂದ ಹೊಯ್ಯುತ್ತಿದ್ದರು. ಇದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣಲಿಲ್ಲ. ಅಪ್ಪನಿಗೂ ಕಾಣಲಿಲ್ಲ, ಆಗ ನನಗೂ ಕಾಣಲಿಲ್ಲ.

ಒಟ್ಟಿಗೆ ಕುಣಿದರೆ ವೈರಿಗಳು ಹತ್ತಿರವಾಗುತ್ತಾರೆಯೇ? ಹತ್ತಿರವಾದರೆ ಅದು ನಾವು ಬಯಸುವ ಸಮಾಜದ ಕಡೆಗೆ ಇಟ್ಟ ಹೆಜ್ಜೆಯೇ? ಈ ಪ್ರಶ್ನೆಯನ್ನು ನಾನು ಪುಸ್ತಕದಿಂದ ಎತ್ತಿಕೊಂಡಿಲ್ಲ. ಆ ಬೊಗಸೆಯಿಂದ ಎತ್ತಿಕೊಂಡಿದ್ದೇನೆ.

2

ಬೀದರ ಜಿಲ್ಲೆಯನ್ನು ಹೊಗಳುವುದು ಭಾಷಣಕಾರರಿಗೆ ಬಹಳ ಸುಲಭ. ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಾ ವಲಿಯ ಉರುಸಿಗೆ ಲಿಂಗಾಯತ ಜಂಗಮರು ಬರುತ್ತಾರೆ. ಅವನನ್ನು ಅಲ್ಲಮಪ್ರಭುವೆಂದು ನಂಬಿದ ಭಕ್ತರೂ ಬರುತ್ತಾರೆ. ಊರೊಳಗೆ 1472ರಲ್ಲಿ ಕಟ್ಟಿದ ಮಹಮೂದ್ ಗಾವಾನನ ಮದರಸಾ ಇದೆ, ನಾನಕ ಝೀರಾ ಗುರುದ್ವಾರ ಇದೆ, ಆಚೆಗೆ ಬಸವಕಲ್ಯಾಣ ಇದೆ. ಭಾಲ್ಕಿ ಮಠದ ಚನ್ನಬಸವ ಪಟ್ಟದ್ದೇವರು ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಇದೆಲ್ಲ ನಿಜ. ರಹಮತ್ ತರೀಕೆರೆಯವರಂಥ ವಿದ್ವಾಂಸರು ಸೂಫಿಗಳ ಬಗ್ಗೆ, ಮೊಹರಂ ಬಗ್ಗೆ ಕನ್ನಡದಲ್ಲಿ ಮಾಡಿದ ಕೆಲಸ ದೊಡ್ಡದು. ಕೋಮುವಾದಿಗಳ ಎದುರು ಈ ನೆನಪುಗಳನ್ನು ಹಿಡಿದು ನಿಲ್ಲಬೇಕಾದದ್ದೂ ಸರಿಯೇ.

ಆದರೆ ಇದೇ ನೆಲದ ಮತ್ತೊಂದು ನೆನಪೂ ಇದೆ. 1948ರ ಮೇ ತಿಂಗಳಲ್ಲಿ ಗೋರಟಾದಲ್ಲಿ ರಜಾಕಾರರು ಊರವರನ್ನು ಕೊಂದರು. ಅದೇ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಮುಸಲ್ಮಾನರ ಕೊಲೆಗಳಾದವು. ಪಂಡಿತ ಸುಂದರಲಾಲ್ ಸಮಿತಿ ಹೈದರಾಬಾದ್ ಸಂಸ್ಥಾನದಲ್ಲಿ ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಅಂದಾಜು ಮಾಡಿತು. ಹೆಚ್ಚು ಹಾನಿಯಾದ ಜಿಲ್ಲೆಗಳೆಂದು ಅದು ಹೆಸರಿಸಿದ ನಾಲ್ಕರಲ್ಲಿ ಬೀದರವೂ ಒಂದು. ಆ ವರದಿ ದಶಕಗಳ ಕಾಲ ಹೊರಗೆ ಬರಲಿಲ್ಲ. 1988ರಲ್ಲಿ ಇದೇ ಬೀದರ ಶಹರದಲ್ಲಿ ಓದಲು ಬಂದ ಸಿಖ್ ಹುಡುಗರನ್ನು ಕೊಂದರು.

ಮೊಹರಂನಲ್ಲಿ ಕೂಡಿ ಕುಣಿದ ಸೀಮೆಯೇ ಇದು. ಒಂದು ವರ್ಷ ಒಂದೇ ಬೆಂಕಿಯ ಸುತ್ತ ತಿರುಗಿದವರು ಮುಂದಿನ ವರ್ಷ ಒಬ್ಬರ ಮನೆಗೆ ಒಬ್ಬರು ಬೆಂಕಿ ಹಚ್ಚುವುದು ಸಾಧ್ಯವಾಯಿತು. ಹಾಗಾದರೆ ಕುಣಿತ ಸುಳ್ಳೇ? ಸುಳ್ಳೆನ್ನಲಾರೆ. ಕಷ್ಟಕಾಲದಲ್ಲಿ ನೆರೆಮನೆಯವರನ್ನು ಅಟ್ಟದ ಮೇಲೆ ಅಡಗಿಸಿ ಉಳಿಸಿದ ಕತೆಗಳನ್ನೂ ನಮ್ಮ ಹಿರಿಯರು ಹೇಳುತ್ತಾರೆ. ಆದರೆ ಕುಣಿತವೊಂದೇ ಸಾಕಾಗಲಿಲ್ಲ ಎಂಬುದು ಇತಿಹಾಸ. ಯಾಕೆ ಸಾಕಾಗಲಿಲ್ಲ ಎಂದು ಕೇಳುವುದು ವಿಮರ್ಶೆಯ ಕೆಲಸ.

3

ಇದಕ್ಕೆ ಉತ್ತರದ ದಾರಿ ತೋರಿಸಿದವರು ಬಾಬಾಸಾಹೇಬರು. 1936ರ 'ಜಾತಿ ವಿನಾಶ'ದಲ್ಲಿ ಅವರು ಒಂದು ಸೂಕ್ಷ್ಮ ಮಾತು ಹೇಳುತ್ತಾರೆ. ಹಿಂದೂ ಜಾತಿಗಳೆಲ್ಲ ಅವವೇ ಹಬ್ಬಗಳನ್ನು ಮಾಡುತ್ತವೆ, ಆದರೂ ಅವು ಒಂದು ಸಮಾಜವಾಗಿಲ್ಲ. ಯಾಕೆಂದರೆ ಅವರವರು ತಮ್ಮ ತಮ್ಮ ಕೇರಿಯಲ್ಲಿ ಒಂದೇ ರೀತಿಯ ಕೆಲಸ ಮಾಡುವುದು ಬೇರೆ, ಒಂದೇ ಕೆಲಸದಲ್ಲಿ ಎಲ್ಲರೂ ಪಾಲುಗೊಂಡು ಒಂದೇ ಭಾವನೆಗೆ ಒಳಗಾಗುವುದು ಬೇರೆ. ಎರಡನೆಯದು ಆಗದೆ ಸಮಾಜ ಹುಟ್ಟುವುದಿಲ್ಲ. ಸಹಭೋಜನ ಮಾಡಿದ ಮಾತ್ರಕ್ಕೆ ಜಾತಿ ಹೋಗುವುದಿಲ್ಲ, ನಿಜವಾದ ಮದ್ದು ಅಂತರ್ಜಾತಿ ವಿವಾಹ ಎಂದೂ ಅವರು ಅಲ್ಲೇ ಹೇಳಿದ್ದಾರೆ.

ಈ ಅಳತೆಗೋಲನ್ನು ಅಲಾಯಿ ಕುಣಿಗೆ ಹಿಡಿದು ನೋಡೋಣ. ಮೇಲ್ನೋಟಕ್ಕೆ ಅದು ಕೂಡಿ ಮಾಡುವ ಕೆಲಸವೇ. ಆದರೆ ಸುತ್ತಿನ ಒಳಗೂ ಊರಿನ ಆಯ ಮುರಿದಿಲ್ಲ. ಕುಣಿಯುವವರು ಬೇರೆ, ಕುಣಿಸುವವರು ಬೇರೆ. ಲಯ ಕೊಡುವುದು ಮಾದಿಗನ ಚಾಕರಿ, ಲಯಕ್ಕೆ ಮೈ ಕೊಡುವುದು ಊರಿನ ಸುಖ. ರಷ್ಯದ ವಿಮರ್ಶಕ ಬಕ್ತಿನ್ ಕಾರ್ನಿವಲ್ ಹಬ್ಬಗಳಲ್ಲಿ ಮೇಲು ಕೀಳು ಕೆಲಹೊತ್ತು ತಲೆಕೆಳಗಾಗುವುದನ್ನು ಕಂಡ. ನಮ್ಮ ವಿಮರ್ಶಕರು ಅದನ್ನು ಎತ್ತಿಕೊಂಡು ನಮ್ಮ ಜಾತ್ರೆಗಳಿಗೆಲ್ಲ ಹೊದಿಸಿದರು. ಆದರೆ ನಮ್ಮಲ್ಲಿ ಯಾವುದು ತಲೆಕೆಳಗಾಯಿತು? ಪಾಟೀಲ ಆ ರಾತ್ರಿ ಹಲಗಿ ಹಿಡಿದನೇ? ಹಿಡಿದಿದ್ದರೆ ನಮ್ಮಪ್ಪ ಒಂದು ಸುತ್ತು ಕುಣಿಯುತ್ತಿದ್ದ.

ಗುರುದ್ವಾರ ಇರುವ ಈ ಊರಲ್ಲಿ ಇನ್ನೊಂದು ಚಿತ್ರವನ್ನು ನೆನೆಯಬೇಕು. 1699ರಲ್ಲಿ ಗುರು ಗೋವಿಂದ ಸಿಂಗರು ಖಾಲ್ಸಾ ಕಟ್ಟಿದಾಗ ಮುಂದೆ ಬಂದ ಐವರಲ್ಲಿ ಒಬ್ಬ ಬೀದರಿನ ಕ್ಷೌರಿಕ, ಭಾಯಿ ಸಾಹಿಬ್ ಸಿಂಗ್. ಆ ಐವರಿಗೆ ಒಂದೇ ಬಟ್ಟಲಿನಿಂದ ಅಮೃತ ಕೊಟ್ಟು, ಆಮೇಲೆ ಗುರುವೇ ಅವರ ಕೈಯಿಂದ ಅದನ್ನು ತೆಗೆದುಕೊಂಡರೆಂದು ಸಿಖ್ ಪರಂಪರೆ ಹೇಳುತ್ತದೆ. ಒಂದೇ ಬಟ್ಟಲಿಗೂ ಮೇಲಿಂದ ಹೊಯ್ದ ಬೊಗಸೆಗೂ ಇರುವ ಅಂತರವೇ ನನ್ನ ವಾದದ ಬೇರು.

4

ಇಲ್ಲಿಯವರೆಗೆ ಊರಿನವರ ಮಾತಾಯಿತು. ಇನ್ನು ನಮ್ಮ ಮಾತು. ಇದನ್ನು ಆಡದೆ ಹೋದರೆ ದಲಿತ ವಿಮರ್ಶೆ ಎಂಬ ಮಾತಿಗೆ ಅರ್ಥವಿಲ್ಲ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೌದ್ಧರಾದರು. ಅದರ ಗಾಳಿ ಮರಾಠವಾಡದ ಮೇಲಿಂದ ಔರಾದಿಗೆ, ಭಾಲ್ಕಿಗೆ ಬೇಗನೆ ಬೀಸಿತು. ಬೌದ್ಧರಾದ ನಮ್ಮ ಅಣ್ಣಂದಿರು ಊರ ಚಾಕರಿ ಬಿಟ್ಟರು. ನಮ್ಮ ಕೇರಿಗೂ ಬಂದು "ಹಲಗಿ ಬಿಸಾಕ್ರಿ, ಇದು ಗುಲಾಮಗಿರಿ" ಅಂದರು. ಮಾತು ಸರಿಯಾಗಿತ್ತು. ಆದರೆ ಹಲಗಿ ಬಿಟ್ಟರೆ ಜ್ವಾರಿ ಎಲ್ಲಿಂದ ಬರಬೇಕು ಎಂಬ ನಮ್ಮವ್ವನ ಪ್ರಶ್ನೆಗೆ ಅವರ ಹತ್ತಿರ ಉತ್ತರ ಇರಲಿಲ್ಲ. ಹಲಗಿಯಲ್ಲಿ ಅವಮಾನದ ಜೊತೆಗೆ ಒಂದು ವಿದ್ಯೆಯೂ ಇತ್ತು. ದಲಿತರು ತಮ್ಮ ಸಾಂಸ್ಕೃತಿಕ ನೆನಪನ್ನು ಪೂರ್ತಿ ತೊರೆದು ಹೊಸಬರಾಗಲು ಹೋದರೆ ಏನು ಕಳೆದುಕೊಳ್ಳುತ್ತಾರೆ ಎಂಬ ಪ್ರಶ್ನೆಯನ್ನು ಡಿ.ಆರ್. ನಾಗರಾಜ್ 1993ರ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ಗಂಭೀರವಾಗಿ ಎತ್ತಿದರು. ನಮ್ಮ ಸೀಮೆಯಲ್ಲಿ ಆ ಪ್ರಶ್ನೆ ಎರಡು ಕೇರಿಗಳ ನಡುವಿನ ಮುನಿಸಾಗಿ ನಿಂತಿತು.

ಈಗ ನೋಡಿ. ಏಪ್ರಿಲ್ 14ಕ್ಕೆ ಒಂದು ಕೇರಿ ಡಿಜೆ ತರುತ್ತದೆ. ಆಗಸ್ಟ್ 1ಕ್ಕೆ, ಅಣ್ಣಾಭಾವು ಸಾಠೆ ಜಯಂತಿಗೆ, ಇನ್ನೊಂದು ಕೇರಿ ಅದಕ್ಕಿಂತ ದೊಡ್ಡ ಡಿಜೆ ತರುತ್ತದೆ. ಎರಡೂ ಕಡೆ ಮರಾಠಿ ಭೀಮಗೀತೆ, ಎರಡೂ ಕಡೆ ನೀಲಿ ಗುಲಾಲು, ಎರಡೂ ಕಡೆ ಒಂದೇ ಕುಣಿತ. ಆದರೆ ಆ ಕೇರಿಯ ಹುಡುಗ ಈ ಮೆರವಣಿಗೆಯಲ್ಲಿ ಇಲ್ಲ, ಈ ಕೇರಿಯವ ಅದರಲ್ಲಿ ಇಲ್ಲ. ಬಾಬಾಸಾಹೇಬರು ಹಿಂದೂಗಳ ಹಬ್ಬಗಳ ಬಗ್ಗೆ ಹೇಳಿದ್ದನ್ನು ನಾವು ಅವರ ಜಯಂತಿಯಲ್ಲೇ ನಿಜ ಮಾಡಿ ತೋರಿಸಿದ್ದೇವೆ. ಅಣ್ಣಾಭಾವು ಈ ಭೂಮಿ ನಿಂತಿರುವುದು ಶೇಷನ ಹೆಡೆಯ ಮೇಲಲ್ಲ, ದಲಿತರ ಮತ್ತು ದುಡಿಯುವವರ ಅಂಗೈ ಮೇಲೆ ಅಂದಿದ್ದರು. ಆ ಅಂಗೈಗಳು ಎರಡು ಮೆರವಣಿಗೆಯಾಗಿ ಹೋಳಾದವು.

ಮುನಿಸಿಗೆ ಕಾರಣ ಬರೀ ಹಬ್ಬವಲ್ಲ. ಒಳಮೀಸಲಾತಿಗಾಗಿ ನ್ಯಾಯಮೂರ್ತಿ ಸದಾಶಿವ ಆಯೋಗ 2005ರಲ್ಲಿ ರಚನೆಯಾಯಿತು, 2012ರಲ್ಲಿ ವರದಿ ಕೊಟ್ಟಿತು, ವರದಿ ಕಪಾಟು ಸೇರಿತು. 2024ರಲ್ಲಿ ಸುಪ್ರೀಂ ಕೋರ್ಟು ಒಳವರ್ಗೀಕರಣ ಸಂವಿಧಾನಬದ್ಧ ಅಂದ ದಿನವೂ ಆಗಸ್ಟ್ 1. ನ್ಯಾಯಮೂರ್ತಿ ನಾಗಮೋಹನ ದಾಸ್ ವರದಿಯ ನಂತರ 2025ರ ಆಗಸ್ಟಿನಲ್ಲಿ ರಾಜ್ಯ ಸಂಪುಟ ಪರಿಶಿಷ್ಟ ಜಾತಿಗಳ 17 ಪ್ರತಿಶತವನ್ನು 6, 6, 5 ಎಂದು ಹಂಚಲು ತೀರ್ಮಾನಿಸಿತು. ಲಂಬಾಣಿ, ಭೋವಿ, ಕೊರಮ, ಕೊರಚ, ಅಲೆಮಾರಿಗಳೆಲ್ಲ ಆ 5ರಲ್ಲಿ ಬಂದರು. ತಾಂಡಾಗಳಲ್ಲಿ ಅಸಮಾಧಾನ ಹೊಗೆಯಾಡಿತು. ಔರಾದ ತಾಲೂಕಿನಲ್ಲಿ ತಾಂಡಾ, ಮಾದಿಗೇರಿ, ಹೊಲಗೇರಿ ಮೂರೂ ಒಂದರ ಪಕ್ಕ ಒಂದಿವೆ. ಮೂವರಿಗೂ ಅನ್ಯಾಯವಾಗಿದೆ, ಮೂವರೂ ಒಬ್ಬರ ತಾಟು ಒಬ್ಬರು ನೋಡುತ್ತಿದ್ದಾರೆ. ಪಾಲಿನ ಪ್ರಶ್ನೆಯನ್ನು ಪಾಲಿನಿಂದಲೇ ಬಗೆಹರಿಸಬೇಕು, ಕುಣಿತದಿಂದ ಆಗದು. ನನಗೆ ಬರಬೇಕಾದ್ದು ಬಾರದೆ "ಬಾರೋ ತಮ್ಮಾ, ಕೂಡಿ ಕುಣಿಯೋಣ" ಅಂದರೆ ಅದು ಮತ್ತೆ ನನ್ನ ಕೈಗೆ ಹಲಗಿ ಕೊಟ್ಟಂತೆ.

5

ಇಷ್ಟು ಹೇಳಿದ ಮೇಲೆ ಕುಣಿತವನ್ನು ತಳ್ಳಿಹಾಕಿಬಿಡಬಹುದು. ನಮ್ಮ ಎಡಪಂಥೀಯ ಗೆಳೆಯರು ಕೆಲವರು ಡಿಜೆ ಅಂದರೆ ಮೂಗು ಮುರಿಯುತ್ತಾರೆ: ಗದ್ದಲ, ಕುಡಿತ, ದುಂದು. ಗದ್ದಲದ ಬಗ್ಗೆ ನನಗೂ ತಕರಾರಿದೆ. ರಾತ್ರಿ 10ರ ಮೇಲೆ ಧ್ವನಿವರ್ಧಕ ಕೂಡದೆಂದು 2000ದ ನಿಯಮವೇ ಇದೆ. ಹೆರಿಗೆಯಾದ ಮನೆ, ಪರೀಕ್ಷೆಗೆ ಓದುವ ಹುಡುಗಿ ನಮ್ಮ ಕೇರಿಯಲ್ಲೂ ಇದ್ದಾರೆ. ಮಸೀದಿ ಮುಂದೆ ಬೇಕೆಂದೇ ಡಿಜೆ ನಿಲ್ಲಿಸುವ ಚಾಳಿ ಎಲ್ಲಿಂದ ಬಂತೋ, ನಮ್ಮ ಮೆರವಣಿಗೆಗೆ ಅದು ಬೇಡ. ಆದರೆ ಮೂಗು ಮುರಿಯುವ ಮೊದಲು ಡಿಜೆ ಮಾಡಿದ ಒಂದು ಕೆಲಸ ಗಮನಿಸಬೇಕು. ಅದು ಬಂದ ಮೇಲೆ ನಮ್ಮಪ್ಪನ ಕೈ ಖಾಲಿಯಾಯಿತು. ಬಾಡಿಗೆ ಕೊಟ್ಟರೆ ಯಂತ್ರ ಬಾರಿಸುತ್ತದೆ, ಅದಕ್ಕೆ ಜಾತಿಯ ಹಂಗಿಲ್ಲ. ಅರವತ್ತು ದಾಟಿದ ಮೇಲೆ ಅಪ್ಪ ಮೊದಲ ಸಲ ಮೊಮ್ಮಗನ ಕೈ ಹಿಡಿದು ರಸ್ತೆ ನಡುವೆ ಕುಣಿದ. ಹೆಜ್ಜೆ ಅವನಿಗೆಲ್ಲ ಗೊತ್ತಿತ್ತು, ಐವತ್ತು ವರ್ಷ ನೋಡಿದ್ದನಲ್ಲ.

ಅದೂ ಊರ ನಡುವಿನ ರಸ್ತೆ. ಕೇರಿಯ ಮದುವೆ ಮೆರವಣಿಗೆ ಅಗಸೆ ದಾಟಿ ಬಾರದಿದ್ದ ರಸ್ತೆ. ಇವತ್ತಿಗೂ ಎಷ್ಟೋ ಊರುಗಳಲ್ಲಿ ದಲಿತ ವರ ಕುದುರೆ ಹತ್ತಿದರೆ ಪೊಲೀಸರನ್ನು ಕರೆಸಬೇಕಾಗುತ್ತದೆ.

ಚರ್ಮದ ಕೆಲಸದವನಾದ ಸಂತ ರವಿದಾಸ ಕಂಡ ಕನಸಿನ ಊರು ಬೇಗಂಪುರ. ಬೀದರದವರಿಗೆ ಬಿಡಿಸಿ ಹೇಳಬೇಕಿಲ್ಲ, ಇದು ರಾಣಿಯ ಊರಲ್ಲ, ಬೇ-ಗಮ್, ದುಃಖವಿಲ್ಲದ ಊರು. ಆ ಪದ ಗುರು ಗ್ರಂಥ ಸಾಹಿಬಿನಲ್ಲಿದೆ, ಅಂದರೆ ನಾನಕ ಝೀರಾದಲ್ಲಿಯೂ ಇದೆ. ಗೇಲ್ ಓಮ್ವೆಟ್ 2008ರಲ್ಲಿ ಜಾತಿವಿರೋಧಿ ಚಿಂತಕರ ಕನಸುಗಳ ಮೇಲೆ ಬರೆದ ಪುಸ್ತಕಕ್ಕೆ ಇದೇ ಊರಿನ ಹೆಸರಿಟ್ಟರು. ಅಲ್ಲಿ ಕಂದಾಯವಿಲ್ಲ, ಭಯವಿಲ್ಲ, ಎರಡನೆಯವರು ಮೂರನೆಯವರು ಎಂಬ ದರ್ಜೆಯಿಲ್ಲ. ಮುಖ್ಯವಾಗಿ, ಅಲ್ಲಿ ಯಾರು ಎಲ್ಲಿ ಬೇಕಾದರೂ ಅಡ್ಡಿಯಿಲ್ಲದೆ ನಡೆಯಬಹುದು. ಎಲ್ಲಿ ಬೇಕಾದರೂ ನಡೆಯುವುದು ಒಬ್ಬನ ಕನಸಾಗಬೇಕಾದರೆ, ಅವನಿಗೆ ಎಷ್ಟು ದಾರಿಗಳು ಮುಚ್ಚಿದ್ದಿರಬೇಕು!

ಈ ದೃಷ್ಟಿಯಿಂದ ಊರ ನಡುವಿನ ಕುಣಿತ ಬೇಗಂಪುರದ ಒಂದು ಮಾತನ್ನು ಮೈಯಿಂದ ಆಡುತ್ತದೆ. ಅದನ್ನು ಬರೀ ಮೋಜು ಅನ್ನುವವರು ರಸ್ತೆಗೆ ಎಂದೂ ಬೆಲೆ ತೆತ್ತವರಲ್ಲ. ಹಾಗಂತ ರಸ್ತೆ ದಾಟಿದರೆ ಊರು ಸಿಕ್ಕಿಬಿಡುವುದಿಲ್ಲ. ಆ ಪದದ ಕೊನೆಗೆ ರವಿದಾಸ ತನ್ನ ಜೊತೆಗೆ ಇರುವವನನ್ನು ಗೆಳೆಯ ಅನ್ನುತ್ತಾನೆ. ನಾವು ಹೆದರಿಸಿ ದಾಟಿದ ರಸ್ತೆಯಲ್ಲಿ ಗೆಳೆಯ ಸಿಗುವುದಿಲ್ಲ.

6

ಒಂದು ಕೊರತೆಯನ್ನು ಇನ್ನೂ ಹೇಳಲಿಲ್ಲ. ಮೊಹರಂ ಇರಲಿ, ಜಯಂತಿ ಇರಲಿ, ಸುತ್ತಿನಲ್ಲಿ ಹೆಣ್ಣುಮಕ್ಕಳು ಎಲ್ಲಿ? ಶೀಗಿ ಹುಣ್ಣಿಮೆ ಹೊತ್ತಿಗೆ ಭುಲಾಯಿ ಹಾಡುತ್ತ ಸುತ್ತುಗಟ್ಟುವವರು ಅವರು. ತಾಂಡಾದಲ್ಲಿ ಕುಣಿತದ ಒಡತಿಯರೇ ಅವರು. ಆದರೆ ಡಿಜೆ ಮುಂದೆ ಗಂಡು ಹುಡುಗರು, ಮಾಳಿಗೆ ಮೇಲೆ ನಿಂತು ನೋಡುವವರು ಹೆಣ್ಣುಮಕ್ಕಳು. ಇದು ಮರೆವಲ್ಲ. ಹೆಣ್ಣು ಗಂಡು ಜಾತಿ ಮೀರಿ ಒಂದೇ ಸುತ್ತಿಗೆ ಬಂದರೆ ಮುಂದೇನಾಗಬಹುದು ಎಂದು ಎಲ್ಲ ಕೇರಿಗಳಿಗೂ ಗೊತ್ತು.

ಕಲ್ಯಾಣಕ್ಕೂ ಅದು ಗೊತ್ತಿತ್ತು. 12ನೇ ಶತಮಾನದ ಶರಣರು ಕೂಡಿ ಕೂತರು, ಕೂಡಿ ಉಂಡರು, ಕೂಡಿ ಹಾಡಿದರು. ಅಲ್ಲಿಯವರೆಗೆ ಬಿಜ್ಜಳನ ರಾಜ್ಯ ಸಹಿಸಿತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ ಸಹನೆ ಮುಗಿಯಿತು. ಇಬ್ಬರು ತಂದೆಯರಿಗೂ ಎಳೆಹೂಟೆಯಾಯಿತೆಂದು ಪರಂಪರೆ ಹೇಳುತ್ತದೆ. ಜಾತಿ ಎಲ್ಲಿ ಆನೆ ತರಿಸುತ್ತದೋ ಅಲ್ಲಿ ಅದರ ಜೀವ ಇದೆ. ಬಾಬಾಸಾಹೇಬರು ಮದುವೆಯ ಮೇಲೇ ಬೆರಳಿಟ್ಟದ್ದು ಅದಕ್ಕೇ.

ಹಾಗಾಗಿ ನನ್ನ ಉತ್ತರ ಇಷ್ಟು. ಕುಣಿತ ವೈರಿಗಳನ್ನು ಒಂದು ರಾತ್ರಿ ಹತ್ತಿರ ತರುತ್ತದೆ, ಅದು ನಿಜವಾದ ಹತ್ತಿರವೇ. ಆದರೆ ಅದನ್ನು ಮರುದಿನ ಬೆಳಗಿನಲ್ಲಿ ಅಳೆಯಬೇಕು. ಬಾರಿಸಿದವ ಕುಣಿದನೇ? ಕುಣಿದವ ಬಾರಿಸಿದನೇ? ಲೋಟಾ ಒಂದೇ ಇತ್ತೇ? ಹೆಣ್ಣುಮಕ್ಕಳು ಮಾಳಿಗೆಯಿಂದ ಇಳಿದರೇ? ಇವಕ್ಕೆ ಹೌದು ಅನ್ನಲು ಬಂದ ದಿನ ಕುಣಿತದ ಬಗ್ಗೆ ವಿಮರ್ಶೆ ಬರೆಯುವ ಅಗತ್ಯ ಇರುವುದಿಲ್ಲ.

ಅಲ್ಲಿಯವರೆಗೆ ಒಂದು ಸಣ್ಣ ಕೆಲಸ ನಮ್ಮ ಕೈಯಲ್ಲೇ ಇದೆ, ಅದಕ್ಕೆ ಊರಿನವರ ಅಪ್ಪಣೆ ಬೇಕಿಲ್ಲ. ಭಾಲ್ಕಿಯ, ಔರಾದಿನ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ಬರುವ ಏಪ್ರಿಲ್ 14ಕ್ಕೆ ನಿಮ್ಮ ಮೆರವಣಿಗೆ ನಮ್ಮ ಕೇರಿಯೊಳಗೆ ಬರಲಿ, ಆಗಸ್ಟ್ 1ಕ್ಕೆ ನಮ್ಮದು ನಿಮ್ಮ ಕೇರಿಯೊಳಗೆ ಬರುತ್ತದೆ, ಎರಡೂ ದಿನ ತಾಂಡಾದವರನ್ನು ಕರೆಯೋಣ. ಹಲಗಿ ನಮ್ಮ ಮನೆಯ ಗೂಟದಲ್ಲಿ ಇನ್ನೂ ತೂಗುತ್ತಿದೆ. ಕಲಿಯಬೇಕೆನ್ನುವ ಯಾವ ಜಾತಿಯ ಹುಡುಗ ಹುಡುಗಿಗಾದರೂ ಅಪ್ಪ ಕಲಿಸುತ್ತಾನೆ. ಒಂದೇ ಕರಾರು: ಅವರು ಬಾರಿಸುವಾಗ ಅವನು ಕುಣಿಯುತ್ತಾನೆ.