ಹಡಗು ಎಳೆದವರು ಯಾರು?

ವರ್ನರ್ ಹರ್ಜಾಗ್‌ನ 'ಫಿಟ್ಸ್‌ಕರಾಲ್ಡೊ' (1982) ಚಿತ್ರದ ಮಾತು ಬಂದರೆ ಸಾಕು, ಸಿನಿಮಾ ಪಂಡಿತರು ನಿರ್ದೇಶಕನ ಹುಚ್ಚು ಧೈರ್ಯವನ್ನು ಕೊಂಡಾಡುತ್ತಾರೆ. ನಾಯಕ ಪಾತ್ರದ ಜೇಸನ್ ರೋಬಾರ್ಡ್ಸ್ ಕಾಯಿಲೆ ಬಿದ್ದು ಹೊರಟ, ಮಿಕ್ ಜಾಗರ್ ಕೈಬಿಟ್ಟ, ಕ್ಲಾಸ್ ಕಿನ್ಸ್ಕಿ ಬಂದ ಮೇಲೆ ಚಿತ್ರೀಕರಣ ಮತ್ತೆ ಮೊದಲಿನಿಂದ ಆಯ್ತು. ಅಷ್ಟಾದರೂ ಪೆರುವಿನ ಅಮೆಜಾನ್ ಕಾಡಿನಲ್ಲಿ 320 ಟನ್ ಹಡಗನ್ನು ನಿಜವಾಗಿಯೇ ಗುಡ್ಡ ಹತ್ತಿಸಿದನಲ್ಲ! ಕಾನ್ ಉತ್ಸವದಲ್ಲಿ ಶ್ರೇಷ್ಠ ನಿರ್ದೇಶಕ ಪ್ರಶಸ್ತಿಯೂ ಬಂತು.

ಎಲ್ಲಾ ಸರಿ. ಆದರೆ ಹತ್ತಿಸಿದ್ದು ಯಾರು? ರಾಟೆ, ಬುಲ್ಡೋಜರ್‌ಗಳ ಜೊತೆಗೆ ನೂರಾರು ಮೂಲನಿವಾಸಿಗಳ ಮೈಬಲ. ತೇರು ಎಳೆಯೋರಿಗೂ ತೇರಿನ ಮೇಲೆ ಕೂರೋರಿಗೂ ಇರುವ ಅಂತರ ನಮಗೆ ಗೊತ್ತಿಲ್ಲದ್ದೇನಲ್ಲ.

ಚಿತ್ರಕ್ಕೆ ಮೂಲವಾದ ಕಾರ್ಲೋಸ್ ಫೆರ್ಮಿನ್ ಫಿಟ್ಸ್‌ಕರಾಲ್ಡ್ 1890ರ ದಶಕದ ರಬ್ಬರ್ ದೊರೆ. ಅವನೂ ಒಂದು ಹಡಗನ್ನು ಬಿಡಿಬಿಡಿಯಾಗಿ ಕಳಚಿ ನೆಲದ ಮೇಲೆ ಸಾಗಿಸಿದ, ಹೊತ್ತವರು ಮೂಲನಿವಾಸಿಗಳೇ. ಅಮೆಜಾನಿನ ರಬ್ಬರ್ ಸಂಪತ್ತಿನ ತಳದಲ್ಲಿ ಗುಲಾಮಗಿರಿ ಇತ್ತು, ಕೊಲೆ ಇತ್ತು. ಚಿತ್ರದಲ್ಲಿ ಈ ದೊರೆ ಅಪೆರಾ ಸಂಗೀತಕ್ಕೆ ಸೋತ ಕನಸುಗಾರನಾಗುತ್ತಾನೆ. ರಬ್ಬರ್ ಅವನ ಕನಸಿಗೆ ಬೇಕಾದ ದುಡ್ಡಿನ ದಾರಿ ಮಾತ್ರ. ರಕ್ತದ ಚರಿತ್ರೆಯನ್ನು ಸೌಂದರ್ಯ ಹೀಗೆ ತೊಳೆದುಬಿಡುತ್ತದೆ.

ಲೆಸ್ ಬ್ಲಾಂಕ್ ಇದೇ ಚಿತ್ರೀಕರಣದ ಬಗ್ಗೆ ತೆಗೆದ 'ಬರ್ಡನ್ ಆಫ್ ಡ್ರೀಮ್ಸ್' ಸಾಕ್ಷ್ಯಚಿತ್ರವನ್ನು ಜೊತೆಗಿಟ್ಟು ನೋಡಬೇಕು. ಎಳೆಯುವ ವ್ಯವಸ್ಥೆ ಮುರಿದರೆ ಜನ ಸಾಯುತ್ತಾರೆಂದು ಎಚ್ಚರಿಸಿದ ಬ್ರೆಜಿಲ್‌ನ ಇಂಜಿನಿಯರ್ ಕೆಲಸ ಬಿಟ್ಟು ಹೋದ. ಕೆಲಸ ನಿಲ್ಲಲಿಲ್ಲ. ಕನಸು ಒಬ್ಬನದು, ಹಡಗು ಜಾರಿದರೆ ಅದರಡಿ ಸಿಗುವ ಮೈ ಇನ್ನೊಬ್ಬರದು. ದುಡಿದವರಿಗೆ ಕೂಲಿ ಕೊಟ್ಟದ್ದು ನಿಜ. ಆದರೆ ಕೂಲಿ ಕೊಟ್ಟ ಮಾತ್ರಕ್ಕೆ ಸಾಹಸದ ಹಕ್ಕೆಲ್ಲ ಒಬ್ಬನದಾಗಿಬಿಡುತ್ತಾ?

ಇಷ್ಟು ಹೇಳಿ ಶೋಷಿತರಿಗಾಗಿ ಮರುಗಿ ಸುಮ್ಮನಾದರೆ ನಮ್ಮ ವಿಮರ್ಶೆಯೂ ಅರ್ಧವೇ. ಹರ್ಜಾಗ್ ಮೊದಲು ಶಿಬಿರ ಹಾಕಿದ್ದು ಅಗ್ವಾರುನಾ ಜನರ ನೆಲದಲ್ಲಿ. ಅವರಿಗೆ ತಮ್ಮದೇ ಸಂಘಟನೆ ಇತ್ತು. ಬೇಡ ಅಂದರು. ಕೇಳದಿದ್ದಾಗ 1979ರ ಡಿಸೆಂಬರಿನಲ್ಲಿ ಶಿಬಿರಕ್ಕೆ ಬೆಂಕಿ ಬಿತ್ತು, ತಂಡ ಜಾಗ ಬದಲಿಸಬೇಕಾಯ್ತು. ಸಿನಿಮಾ ಚರಿತ್ರೆ ಇದನ್ನು 'ನಿರ್ಮಾಣದ ಅಡೆತಡೆ' ಅಂತ ಬರೆದುಕೊಂಡಿದೆ. ಮಳೆ, ಭೇದಿ, ವಿಮಾನ ಅಪಘಾತಗಳ ಸಾಲಿನಲ್ಲಿ ಒಂದು ಜನಾಂಗದ ರಾಜಕೀಯ ತೀರ್ಮಾನವೂ ಒಂದು ಕಾಟವಾಗಿ ನಿಲ್ಲುತ್ತದೆ!

ಆಶ್ಚರ್ಯವೆಂದರೆ ಈ ನಿರಾಕರಣೆ ಚಿತ್ರದ ಕಥೆಯೊಳಗೇ ಇದೆ. ಗುಡ್ಡ ದಾಟಿದ ರಾತ್ರಿ, ಯಜಮಾನ ಮಲಗಿದ್ದಾಗ, ಮೂಲನಿವಾಸಿಗಳು ಹಗ್ಗ ಕಡಿದು ಹಡಗನ್ನು ಪ್ರವಾಹಕ್ಕೆ ಬಿಡುತ್ತಾರೆ. ಅವರು ಎಳೆದದ್ದು ಅಪೆರಾಕ್ಕಲ್ಲ, ಆ ನದಿಯ ಸುಳಿಯ ದೈವಗಳನ್ನು ಶಾಂತಗೊಳಿಸಲಿಕ್ಕೆ. ಅವನಿಗೆ ಅವನ ಲೆಕ್ಕ, ಅವರಿಗೆ ಅವರ ಲೆಕ್ಕ. ಹರ್ಜಾಗ್ ಅದನ್ನು ಮೂಢನಂಬಿಕೆಯ ನಿಗೂಢವನ್ನಾಗಿ ತೋರಿಸಿ ಮುಂದೆ ಸಾಗುತ್ತಾನೆ. ಕೊನೆಗೆ ಕ್ಯಾಮೆರಾ ನಿಲ್ಲುವುದು ಸಿಗಾರ್ ಸೇದುವ ಯಜಮಾನನ ನಗುಮುಖದ ಮೇಲೆ.

ನಾವು ಮಾತ್ರ ಆ ರಾತ್ರಿಯಲ್ಲೇ ನಿಲ್ಲಬೇಕು. ಎಳೆದವರಿಗೆ ತಮ್ಮದೇ ಉದ್ದೇಶ ಇತ್ತು ಅನ್ನುವಲ್ಲಿಂದ ಈ ಚಿತ್ರವನ್ನು ಮತ್ತೆ ನೋಡೋಣ. ಹಾಗೆ ನೋಡಿದರೆ ಶಿಬಿರಕ್ಕೆ ಬಿದ್ದ ಬೆಂಕಿ, ಕಡಿದ ಹಗ್ಗ ಎರಡೂ ಒಂದೇ ಮಾತನ್ನು ಹೇಳುತ್ತಿರುವುದು ಕೇಳಿಸುತ್ತದೆ.